ಬೀಬಿಯ ಮನೆಯ ಚಿತ್ರಕಾರ

ಅಲ್ ಖೌದ್, ಒಮಾನ್
೧೧ ಜೂನ್ ೧೯೮೯

ಪ್ರೀತಿಯ ಕ್ಲೆಮೆಂಟಿನಾ ಟೀಚರಿಗೆ,

ಉಮಾವತಿಯ ನಮಸ್ಕಾರಗಳು. ಯಾವ ಉಮಾವತಿ ಎಂದು ನೀವು ಕೇಳಬಹುದು. ಕಾಪುವಿನಿಂದ ಬರುತ್ತಿದ್ದವಳು. ಹೈಸ್ಕೂಲು ಬಿಟ್ಟ ಮೇಲೂ ಎರಡು ವರ್ಷ ಭಾನುವಾರ ಮಧ್ಯಾಹ್ನ ನಿಮ್ಮ ಜಗಲಿಯಲ್ಲಿ ಕುಳಿತು ಚಿತ್ರ ಕಲಿತವಳು. ಮೈಸೂರಿನ ಡ್ರಾಯಿಂಗ್ ಟೀಚರ್ ತರಬೇತಿಗೆ ನೀವು ಯಾರ್‍ಯಾರನ್ನೋ ಕಂಡು ಸೀಟು ಕೊಡಿಸಿದ್ದಿರಿ. ಸೋಮವಾರ ಬೆಳಗ್ಗೆ ಉಡುಪಿ ಬಸ್‌ಸ್ಟ್ಯಾಂಡಿಗೆ ಬಾ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದಿರಿ. ನಾನು ಬರಲಿಲ್ಲ. ಆ ವಾರವೇ ನನ್ನ ಮದುವೆ ನಿಶ್ಚಯವಾಯಿತು. ಒಂದು ಮಾತು ಹೇಳಿ ಕಳಿಸಲೂ ನನಗೆ ಧೈರ್ಯ ಬರಲಿಲ್ಲ. ನೀವು ಎಷ್ಟು ಹೊತ್ತು ಅಲ್ಲಿ ನಿಂತಿದ್ದಿರೋ ಎಂದು ಈ ಒಂಬತ್ತು ವರ್ಷ ಯೋಚಿಸಿದ್ದೇನೆ.

ಈಗ ಕಷ್ಟ ಬಂದಾಗ ಬರೆಯುತ್ತಿದ್ದೇನೆ, ಅದಕ್ಕೂ ನಾಚಿಕೆಯಾಗುತ್ತದೆ. ಆದರೆ ಬೇರೆ ಯಾರನ್ನು ಕೇಳಲಿ?

ನಾವು ಇರುವುದು ಮಸ್ಕತ್ತಿನ ಹೊರಗೆ, ಹೊಸ ಯೂನಿವರ್ಸಿಟಿಯ ಹತ್ತಿರ. ಕೆಳಗಿನ ಮನೆ ನಮ್ಮದು, ಮೇಲಿನದು ಮನೆಯ ಯಜಮಾನಿಯದು. ಅವರ ಹೆಸರು ಝುವೈನಾ, ಎಲ್ಲರೂ ಬೀಬಿ ಎನ್ನುತ್ತಾರೆ. ಹುಟ್ಟಿದ್ದು ಆಫ್ರಿಕಾದ ಝಂಜಿಬಾರಿನಲ್ಲಿ, ಆ ಮೇಲೆ ಕುಟುಂಬ ಸಮೇತ ಒಮಾನಿಗೆ ವಾಪಸಾದವರು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ನನ್ನೊಂದಿಗೆ ಮಾತಾಡುತ್ತಾರೆ. ಮೊನ್ನೆ ಕಣ್ಣಿನ ಆಪರೇಶನ್ನಿಗೆ ಬೊಂಬಾಯಿಗೆ ಹೋದರು, ಆಗಸ್ಟಿನಲ್ಲಿ ಬರುತ್ತಾರೆ. ಹೋಗುವಾಗ ಕೀ ನನ್ನ ಕೈಗೆ ಕೊಟ್ಟು, "ಗಿಡಕ್ಕೆ ನೀರು ಹಾಕು, ಕಿಟಕಿ ಮುಚ್ಚಿರು" ಎಂದರು.

ಕಿಟಕಿ ಮುಚ್ಚಲು ಮರೆತೆ. ಧೂಳುಗಾಳಿ ಬಂತು. ಅವರ ಒಳಕೋಣೆಯಲ್ಲಿ ಒಂದು ಆಯಿಲ್ ಪೇಂಟಿಂಗ್ ಇದೆ, ನೂರು ವರ್ಷಕ್ಕೂ ಹಳೆಯದು. ಯಾರೋ ಬಿಳಿಯ, ಕೆಂಚು ಗಡ್ಡ, ಕಂದು ಕೋಟು. ಅವರೂ ಒಬ್ಬ ಚಿತ್ರಕಾರರೇ, ಕಡಲು ಮತ್ತು ಊರುಕೇರಿ ಬರೆಯುತ್ತಿದ್ದವರು ಎಂದು ಬೀಬಿ ಒಮ್ಮೆ ಹೇಳಿದ್ದರು. ಅದರ ಮೇಲೆ ಮಣ್ಣು ಕೂತಿತ್ತು. ನಾನು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದೆ. ಎಡಗಡೆಯ ಕೆಳಮೂಲೆಯನ್ನು ಚೆನ್ನಾಗಿ ತಿಕ್ಕಿದೆ ಕೂಡ. ಬಟ್ಟೆಯೆಲ್ಲ ಕಂದಾಯಿತು. ಮರುದಿನ ನೋಡಿದರೆ ಆ ಮನುಷ್ಯರ ಮುಖದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಹಬ್ಬಿದೆ. ಒಂದು ಕಣ್ಣು ಕಾಣುವುದೇ ಇಲ್ಲ.

ನನ್ನ ಗಂಡ ಭೋಜರಾಜರ ಕಫೀಲ್, ಎಂದರೆ ಇವರ ವೀಸಾ ಯಾರ ಹೆಸರಲ್ಲಿದೆಯೋ ಅವರು, ಬೀಬಿಯ ಸ್ವಂತ ಮಗ. ಇದಕ್ಕಿಂತ ಹೆಚ್ಚು ಬರೆಯಲಾರೆ. ಏನು ಮಾಡಲಿ ಟೀಚರ್?

ನಿಮ್ಮ ಕೋಪಕ್ಕೂ ಯೋಗ್ಯಳಾದ,
ಉಮಾವತಿ


ಶಂಕರಪುರ
೨೨ ಜೂನ್ ೧೯೮೯

ಪ್ರೀತಿಯ ಉಮಾ,

ನಿನ್ನ ಕಾಗದ ನಿನ್ನೆ ಬಂತು. ನಿನ್ನನ್ನು ಮರೆಯುವಷ್ಟು ಮುದುಕಿ ನಾನಾಗಿಲ್ಲ. ಮೊದಲು ಕೆಲಸದ ಮಾತು.

ಇನ್ನು ನೀರು ಮುಟ್ಟಿಸಬೇಡ. ತೆಂಗಿನೆಣ್ಣೆ ಹಚ್ಚು, ಬಟಾಟೆ ತಿಕ್ಕು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಚಿತ್ರವನ್ನು ಗೋಡೆಯಿಂದ ಇಳಿಸಿ, ಒಣಗಿದ ಕೋಣೆಯಲ್ಲಿ ಮುಖ ಮೇಲೆ ಮಾಡಿ ಮಲಗಿಸು. ಎ.ಸಿ. ಗಾಳಿ ನೇರ ಬೀಳಬಾರದು. ಎರಡು ವಾರ ಹಾಗೇ ಬಿಡು. ಹತ್ತಿರ ಹೋಗಿ ಉಸಿರು ಕೂಡ ಬಿಡಬೇಡ.

ನಾನು ಹುಡುಗಿಯಾಗಿದ್ದಾಗ ನಮ್ಮ ಇಗರ್ಜಿಯ ಹಳೆಯ ಪಟಗಳನ್ನು ಸರಿಮಾಡಲು ಒಬ್ಬ ಮುದಿ ಬ್ರದರ್ ಬಂದಿದ್ದರು. ಒಂದು ಮಳೆಗಾಲವಿಡೀ ಅವರಿಗೆ ಹತ್ತಿ ಸುತ್ತಿ ಕೊಡುವ ಕೆಲಸ ನನ್ನದು. ಸಂತ ಅಂತೋನಿಯವರ ಮುಖಕ್ಕೂ ಹೀಗೇ ಬಿಳಿ ಬಂದಿತ್ತು. ಬಣ್ಣ ಕೆಟ್ಟದ್ದಲ್ಲ, ಬಣ್ಣದ ಮೇಲಿನ ವಾರ್ನಿಶಿನೊಳಗೆ ತೇವ ಸೇರಿದ್ದು ಎಂದು ಅವರು ಹೇಳಿದ್ದು ನೆನಪಿದೆ. ನಿನ್ನದೂ ಅದೇ ಇರಬಹುದು. ನೋಡದೆ ಖಂಡಿತ ಹೇಳಲಾರೆ.

ಬಟ್ಟೆಗೆ ಹತ್ತಿದ ಕಂದು ಎಲ್ಲ ಕಡೆ ಚಹಾದ ಹಾಗೆ ಒಂದೇ ಬಣ್ಣವೋ, ಅಥವಾ ನಡುವೆ ನೀಲಿಯೋ ಕೆಂಪೋ ಉಂಟೋ? ಚಹಾದ ಹಾಗಿದ್ದರೆ ಅದು ದೀಪದ ಮಸಿ. ಬೇರೆ ಬಣ್ಣ ಇದ್ದರೆ ನೀನು ಚಿತ್ರವನ್ನೇ ಒರೆಸಿದ್ದೀ.

ಕೊನೆಯದು. ಆ ಚಿತ್ರವನ್ನು ನೋಡಿ ಬರೆದು ನನಗೆ ಕಳಿಸು. ಫೋಟೋ ಬೇಡ. ಬಿಳಿ ಎಲ್ಲಿ, ಬಿರುಕು ಎಲ್ಲಿ, ಹೊಳಪು ಎಲ್ಲಿ ಎಂದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಪೆನ್ಸಿಲ್ ಹಿಡಿಯದೆ ಎಷ್ಟು ವರ್ಷವಾಯಿತು ಎಂದು ನಾನು ಕೇಳುವುದಿಲ್ಲ. ನೀನೂ ಅದನ್ನು ನೆಪ ಮಾಡಬೇಡ.

ಇಲ್ಲಿ ಮಳೆ ತಡವಾಗಿ ಹಿಡಿದಿದೆ. ನನ್ನ ಮಂಡಿನೋವು ಬಿಟ್ಟರೆ ಎಲ್ಲ ಸುಖ.

ನಿನ್ನ ಕಾಗದಕ್ಕೆ ಕಾಯುವ,
ಕ್ಲೆಮೆಂಟಿನಾ ಟೀಚರ್


ಅಲ್ ಖೌದ್
೮ ಜುಲೈ ೧೯೮೯

ಪ್ರೀತಿಯ ಟೀಚರಿಗೆ,

ಬೈಯುತ್ತೀರೆಂದು ಹೆದರಿ ನಿಮ್ಮ ಕವರು ಒಡೆಯಲು ಅರ್ಧ ದಿನ ತಡೆದೆ. ಒಡೆದ ಮೇಲೆ ಅಡಿಗೆಮನೆಯ ಸ್ಟೂಲಿನಲ್ಲಿ ಕೂತು ಎರಡು ಸಲ ಓದಿದೆ. ನನ್ನ ಜೀವ ವಾಪಸು ಬಂತು.

ಬಟ್ಟೆಯ ಕಂದು ಬರೀ ಚಹಾದ್ದೇ. ಬಿಸಿಲಲ್ಲಿ ಹಿಡಿದು ನೋಡಿದೆ, ನೀಲಿ ಕೆಂಪು ಒಂದೂ ಇಲ್ಲ. ಚಿತ್ರ ಮಲಗಿಸಿದ್ದೇನೆ. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಶಾಯಿಯ ಬರಹ ಇದೆ. ಹೆಸರಿನ ಜಾಗವನ್ನು ಹುಳ ತಿಂದಿದೆ. "ಕಡಲು ಮತ್ತು ಭೂದೃಶ್ಯಗಳ ಚಿತ್ರಕಾರ, ಗೆಳೆಯನು ಬರೆದದ್ದು, ೧೮೬೮" ಎಂಬಷ್ಟು ಓದಲು ಬರುತ್ತದೆ.

ಚಿತ್ರ ಬರೆದಿದ್ದೇನೆ, ಜತೆಗೆ ಇಟ್ಟಿದ್ದೇನೆ. ಮೊದಲ ದಿನ ಮೂರು ಹಾಳೆ ಹರಿದೆ. ಮೂಗು ಬರೆದರೆ ಕಿವಿ ತಪ್ಪುತ್ತಿತ್ತು. ಮಗಳು ಪಕ್ಕದಲ್ಲಿ ನಿಂತು "ಮಮ್ಮಿ, ಯು ಕ್ಯಾನ್ ಡ್ರಾ?" ಎಂದು ಕೇಳಿದಳು. ಎಂಟು ವರ್ಷದ ಮಗಳಿಗೆ ಅದು ಗೊತ್ತಿರಲಿಲ್ಲ ನೋಡಿ. ಎರಡನೇ ದಿನ ನೀವು ಹೇಳುತ್ತಿದ್ದ ಹಾಗೆ ಮನುಷ್ಯನನ್ನು ಬಿಟ್ಟು ಅವನ ಸುತ್ತಲಿನ ಖಾಲಿ ಜಾಗವನ್ನು ಬರೆದೆ. ಆಗ ಕೂತುಕೊಂಡಿತು. ಮೂರನೇ ದಿನ ಕಣ್ಣು ಬರೆಯುವಾಗ ಅನ್ನ ಸೀದದ್ದು ನನಗೆ ಗೊತ್ತಾಗಲಿಲ್ಲ.

ಬರೆಯುವಾಗ ಒಂದು ಸಂಗತಿ ಕಂಡಿತು. ನಾನು ತಿಕ್ಕಿದ ಮೂಲೆಯಲ್ಲಿ ಮೊದಲು ಬರೀ ಕಪ್ಪು ಇತ್ತು. ಈಗ ಅಲ್ಲಿ ಒಂದು ಸಣ್ಣ ಚಿತ್ರದ ಹಲಗೆ ಕಾಣುತ್ತಿದೆ, ಅದರಲ್ಲಿ ಹೆಬ್ಬೆರಳಿನಷ್ಟು ಕಡಲು, ಒಂದು ದೋಣಿ, ವಾಲಿದ ಹಾಯಿ.

ಇನ್ನೊಂದು ಕೆಟ್ಟ ಸುದ್ದಿ. ಕೋಟಿನ ಗುಂಡಿಯ ಹತ್ತಿರ ಅಕ್ಕಿಕಾಳಿನಷ್ಟು ಬಣ್ಣ ಎದ್ದು ಬಿದ್ದಿದೆ. ಎತ್ತಿ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ. ಇವರು ನೋಡಿ, "ಮಗಳ ಪೇಂಟ್ ಪೆಟ್ಟಿಗೆ ಉಂಟಲ್ಲ ಮಾರಾಯ್ತಿ, ಒಂದು ಚುಕ್ಕಿ ಕಂದು ಇಟ್ಟುಬಿಡು. ಬೀಬಿಗೆ ಮೊದಲೇ ಕಣ್ಣು ಮಂದ. ಖಲಾಸ್" ಎಂದರು. ಇವರು ಕೆಟ್ಟವರಲ್ಲ ಟೀಚರ್, ಹೆದರಿದ್ದಾರೆ. ನಾನೂ ಬ್ರಶ್ ಒದ್ದೆ ಮಾಡುವವರೆಗೆ ಹೋಗಿದ್ದೆ. ಆಮೇಲೆ ನಿಮ್ಮನ್ನು ಕೇಳಿಯೇ ಮಾಡುವಾ ಎಂದು ನಿಲ್ಲಿಸಿದೆ.

ನಿಮ್ಮ ಮಾತಿನಂತೆ ನಡೆಯುವ,
ಉಮಾವತಿ


ಶಂಕರಪುರ
೧೯ ಜುಲೈ ೧೯೮೯

ಪ್ರೀತಿಯ ಉಮಾ,

ನಿನ್ನ ಚಿತ್ರವನ್ನು ಮೇಜಿನ ಮೇಲೆ ಒರಗಿಸಿ ಇಟ್ಟು ಬರೆಯುತ್ತಿದ್ದೇನೆ. ಬಲಗಿವಿ ಸ್ವಲ್ಪ ಕೆಳಗಾಗಿದೆ. ಉಳಿದದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಹೇಳಿದರೆ ನಿನಗೆ ಜಂಬ ಬರುತ್ತದೆ.

ಅವರ ಒಂದು ಕೈ ಕೋಟಿನ ಜೇಬಿನಲ್ಲಿದೆಯಲ್ಲ, ನೋಡಿದೆಯಾ? ಬರೆದ ಆ ಗೆಳೆಯನಿಗೆ ಕೈ ಬರೆಯಲು ಬರುತ್ತಿರಲಿಲ್ಲ. ಇನ್ನೊಂದು ಕೈಯನ್ನೂ ಟೊಪ್ಪಿಯ ಕೆಳಗೆ ಅಡಗಿಸಿದ್ದಾನೆ. ನೀನೂ ಹತ್ತನೇ ಕ್ಲಾಸಿನಲ್ಲಿ ಎಲ್ಲರ ಕೈಗೂ ಕೊಡಪಾನ ಹಿಡಿಸುತ್ತಿದ್ದೆ. ಆದರೆ ಆ ಕಣ್ಣು ಸುಳ್ಳಲ್ಲ. ಬಿಸಿಲಿನ ನೀರನ್ನು ತುಂಬ ಹೊತ್ತು ನೋಡಿದವರ ಕಣ್ಣು ಹಾಗೆ ಕಿರಿದಾಗಿರುತ್ತದೆ, ನಮ್ಮ ಮಲ್ಪೆಯ ದೋಣಿಯವರಲ್ಲಿ ಕಂಡಿದ್ದೇನೆ. ಗೆಳೆಯನನ್ನು ಪ್ರೀತಿಯಿಂದ ನೋಡಿದವನು ಮಾತ್ರ ಅದನ್ನು ಬರೆಯಬಲ್ಲ.

ಈಗ ಮಾಡಬೇಕಾದದ್ದು: ಹಳೆಯ ರೇಷ್ಮೆ ಬಟ್ಟೆ, ತೊಳೆದು ತೊಳೆದು ಮೆತ್ತಗಾದದ್ದು, ಪೂರ್ತಿ ಒಣಗಿದ್ದು ಬೇಕು. ಬಿಳಿ ಇರುವಲ್ಲಿ ಮಾತ್ರ, ಮಗುವಿನ ಕೆನ್ನೆ ಒರೆಸಿದ ಹಾಗೆ ಸುತ್ತಿಸಿ ಸುತ್ತಿಸಿ ಉಜ್ಜು. ದಿನಕ್ಕೆ ಐದು ನಿಮಿಷ. ಬಿರುಕು ಇದ್ದಲ್ಲಿ, ಬಣ್ಣ ಎದ್ದಲ್ಲಿ ಮುಟ್ಟಬೇಡ. ಬಿಳಿ ಹೋದರೆ ದೇವರ ದಯೆ. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸು.

ಗುಂಡಿಯ ಹತ್ತಿರ ಬಣ್ಣ ಹಚ್ಚಬಾರದು. ಬಿದ್ದ ಚೂರನ್ನು ಜೋಪಾನ ಮಾಡು, ಕೆಲಸ ಬಲ್ಲವರು ಅದನ್ನೇ ಪುನಃ ಕೂರಿಸುತ್ತಾರೆ. ಭೋಜರಾಜರಿಗೆ ನನ್ನ ನಮಸ್ಕಾರ ಹೇಳು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಬೀಬಿ ಬಂದ ದಿನವೇ ನೀನು ಹೇಳಬೇಕು. ಚಿತ್ರ ಸರಿಯಾದರೂ ಹೇಳಬೇಕು.

ನಿನ್ನ,
ಕ್ಲೆಮೆಂಟಿನಾ ಟೀಚರ್


ಅಲ್ ಖೌದ್
೨೩ ಆಗಸ್ಟ್ ೧೯೮೯

ಪ್ರೀತಿಯ ಟೀಚರಿಗೆ,

ಬಿಳಿ ಹೋಯಿತು. ನನ್ನ ಮದುವೆಯ ಸೀರೆಯ ಸೆರಗಿನಿಂದ ಒಂದು ತುಂಡು ಕತ್ತರಿಸಿ ಹನ್ನೊಂದು ದಿನ ಉಜ್ಜಿದೆ. ಮೊದಲು ಹಣೆ ಕಂಡಿತು, ಆ ಮೇಲೆ ಕಣ್ಣು. ಕಣ್ಣು ಬಂದ ದಿನ ನಾನೇ ಮಾತಾಡಿಸಿಬಿಟ್ಟೆ, "ಬಂದಿರಾ" ಎಂದು.

ಬೀಬಿ ಹದಿನಾರಕ್ಕೆ ಬಂದರು. ನಾವಿಬ್ಬರೂ ಮೇಲೆ ಹೋದೆವು. ಹೇಳಲು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಚಿತ್ರದ ಮೂಲೆಗೆ ಬೆರಳು ತೋರಿಸಿ, "ಉಮಾ, ಇಲ್ಲಿ ನೋಡು. ಒಂದು ದೋಣಿ. ಹುಟ್ಟಿದಾಗಿನಿಂದ ಈ ಚಿತ್ರ ನೋಡಿದ್ದೇನೆ, ಈ ದೋಣಿ ನನಗೆ ಕಂಡೇ ಇರಲಿಲ್ಲ. ಆ ಡಾಕ್ಟರನ ಕೈಗೆ ಮುತ್ತು ಕೊಡಬೇಕು, ಎಂಥ ಕಣ್ಣು ಕೊಟ್ಟ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಹಿಂದೆ ನಿಂತಿದ್ದ ಇವರು ನನ್ನ ಸೆರಗು ಮೆಲ್ಲಗೆ ಎಳೆದರು. ಸುಮ್ಮನಿರು ಎಂದು. ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು ಟೀಚರ್. ಅವರ ಸಂತೋಷವೂ ಉಳಿಯುತ್ತಿತ್ತು. 

ಆದರೂ ಹೇಳಿದೆ. "ಬೀಬಿ, ಅದು ಕಣ್ಣಿನಿಂದ ಅಲ್ಲ. ನಾನು ಕಿಟಕಿ ಮುಚ್ಚಲಿಲ್ಲ. ಧೂಳು ಕೂತಿತು. ಸೋಪು ಹಾಕಿ ತಿಕ್ಕಿದೆ. ಮುಖವೆಲ್ಲ ಬಿಳಿಯಾಗಿತ್ತು. ಇಲ್ಲಿ ಗುಂಡಿಯ ಹತ್ತಿರ ಬಣ್ಣ ಬಿದ್ದಿದೆ" ಎಂದು ಕಾಗದದ ಮಡಿಕೆಯನ್ನು ಕೊಟ್ಟೆ.

ಅವರು ಬೈಯಲಿಲ್ಲ. ಕೈ ಬಿಟ್ಟರು. "ಬೊಂಬಾಯಿಯಲ್ಲಿ ನನ್ನ ಫೋನ್ ನಂಬರ್ ನಿನ್ನ ಹತ್ತಿರ ಇತ್ತು" ಎಂದಷ್ಟೇ ಹೇಳಿದರು. ಆ ಮೇಲೆ ಕೀ ಕೇಳಿದರು. ನಾನು ಬಳೆಯಿಂದ ಬಿಚ್ಚುವಾಗ ಕೈತಪ್ಪಿ ಬಿದ್ದುಹೋಯಿತು. ಅವರು ಬಗ್ಗಲಾರರು, ಹೊಸ ಆಪರೇಶನ್ನು. ನಾನೇ ಹೆಕ್ಕಿ ಕೊಟ್ಟೆ.

ಒಂದು ವಾರವಾಯಿತು. ಮೆಟ್ಟಿಲಲ್ಲಿ ಎದುರಾದರೆ ಸಲಾಂ ಹೇಳುತ್ತಾರೆ, ಮುಂದೆ ಮಾತಿಲ್ಲ. ಅವರ ಮಗ ಇವರನ್ನು ಆಫೀಸಿಗೆ ಕರೆಸಿ ಏನೂ ಹೇಳದೆ ಕಳಿಸಿದರಂತೆ.  ನಿನ್ನೆ ಊಟಕ್ಕೆ ಕೂತಾಗ ಇವರು, "ನೀನು ಹೇಳಿದ್ದು ಸರಿಯೇ. ನನಗೆ ಧೈರ್ಯ ಸಾಲಲಿಲ್ಲ" ಎಂದರು.

ಹಗುರಾಗಿಯೂ ಹೆದರಿಯೂ ಇರುವ,
ಉಮಾವತಿ


ಶಂಕರಪುರ
೪ ಸೆಪ್ಟೆಂಬರ್ ೧೯೮೯

ಉಮಾ,

ನೀನು ಹೇಳಿದೆ. ಅವರಿಗೆ ಬೇಸರಪಡಲು ಬಿಡು, ಅದು ಅವರ ಹಕ್ಕು. ಬಾಗಿಲಿಗೆ ಹೋಗಿ ಕ್ಷಮೆ ಕ್ಷಮೆ ಎಂದು ಪೀಡಿಸಬೇಡ.

ಕೈಗೆ ಬಂದದ್ದನ್ನು ಬಿಡಬೇಡ. ದಿನಕ್ಕೊಂದು ಹಾಳೆ ಬರೆ. ಲೋಟ, ಚಪ್ಪಲಿ, ಗಂಡನ ಕಿವಿ, ಏನಾದರೂ. ಕೈಗಳನ್ನು ಬರೆ, ಅಡಗಿಸದೆ.

ಟೀಚರ್


ಅಲ್ ಖೌದ್
೨ ಅಕ್ಟೋಬರ್ ೧೯೮೯

ಪ್ರೀತಿಯ ಟೀಚರಿಗೆ,

ಈ ಕಾಗದ ಟಪ್ಪಾಲಿನಲ್ಲಿ ಬರುತ್ತಿಲ್ಲ. ಇಲ್ಲಿ ಕೆಫೆಟೇರಿಯ ನಡೆಸುವ ಇಸುಬು ಬ್ಯಾರಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜತೆಗೆ ಒಂದು ಡಬ್ಬಿ ಹಲ್ವ ಇದೆ, ಅದು ನನ್ನದಲ್ಲ. ಬೀಬಿ ಝುವೈನಾ ನಿಮಗೆ ಕಳಿಸಿದ್ದು.

ಕಳೆದ ವಾರ ಅವರ ಮಗ ಒಬ್ಬ ವಿದೇಶಿ ಹೆಂಗಸನ್ನು ಕರೆತಂದಿದ್ದರು. ಮ್ಯೂಸಿಯಮ್ಮುಗಳ ಹಳೆಯ ಚಿತ್ರ ರಿಪೇರಿ ಮಾಡುವವರಂತೆ, ಬೇರೆ ಕೆಲಸಕ್ಕೆ ಮಸ್ಕತ್ತಿಗೆ ಬಂದಿದ್ದರು. ಕೈಯಲ್ಲಿ ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದರಂತೆ. "ಒಂದು ಸಲ ಹಾಳು ಮಾಡಿದವರು ಹೆದರಿ ಪುನಃ ಪುನಃ ಉಜ್ಜಿ ಮುಗಿಸಿಬಿಡುತ್ತಾರೆ. ಇಲ್ಲಿ ಯಾರೋ ನಿಲ್ಲಿಸಿದ್ದಾರೆ. ನಿಲ್ಲಿಸು ಎಂದವರು ಚಿತ್ರ ಉಳಿಸಿದ್ದಾರೆ" ಎಂದರಂತೆ. ಆ ಚೂರನ್ನು ಸೂಜಿಯ ತುದಿಯಲ್ಲಿ ಎತ್ತಿ ಅಂಟಿಸಿ ಹೋದರು. ಎಲ್ಲಿ ಬಿದ್ದಿತ್ತು ಎಂದು ಈಗ ನನಗೂ ಗೊತ್ತಾಗುವುದಿಲ್ಲ.

ಅಂದು ಸಂಜೆ ಬೀಬಿ ನನ್ನನ್ನು ಕರೆದರು. ಕಹ್ವಾ, ಎಂದರೆ ಇಲ್ಲಿಯ ಕಾಫಿ, ಕೊಟ್ಟು, "ನಿಲ್ಲಿಸು ಎಂದು ನಿನಗೆ ಹೇಳಿದ್ದು ಯಾರು?" ಎಂದು ಕೇಳಿದರು. ನಿಮ್ಮ ವಿಷಯ ಹೇಳಿದೆ. ನಿಮ್ಮ ಕಾಗದಗಳನ್ನು ತಂದು ಹಿಂದಿಯಲ್ಲಿ ಓದಿ ಹೇಳಿದೆ. ಜೇಬಿನ ಕೈಯ ಮಾತಿಗೆ ಅವರು ನಕ್ಕರು.

ಆ ಮೇಲೆ ಅವರು ಹೇಳಿದ ಕತೆಯನ್ನು ನಿಮಗೆ ಹೇಳಲೇಬೇಕು. ಈ ಚಿತ್ರಕಾರರು ಕಡಲು ಬರೆಯುತ್ತ ಹಡಗಿನಿಂದ ಹಡಗಿಗೆ ಹೋಗುವವರು. ಝಂಜಿಬಾರಿಗೆ ಬಂದಾಗ ಜ್ವರ ಹಿಡಿಯಿತಂತೆ. ಹಡಗಿನವರು ದಡದಲ್ಲಿ ಬಿಟ್ಟು ಹೋದರು. ಬೀಬಿಯ ಮುತ್ತಜ್ಜಿ ಮನೆಯ ಹೊರಕೋಣೆಯಲ್ಲಿ ಮಲಗಿಸಿ ಎರಡು ತಿಂಗಳು ಗಂಜಿ ಕೊಟ್ಟು ಬದುಕಿಸಿದರು. ಭಾಷೆ ಗೊತ್ತಿಲ್ಲ, ಹೆಸರು ಹೇಳಲು ಬಾಯಿ ತಿರುಗದು. ಅದಕ್ಕೆ ಮ್ಗೇನಿ ಎಂದು ಕರೆದರು, ಅಲ್ಲಿಯ ಮಾತಿನಲ್ಲಿ ಅತಿಥಿ ಎಂದು. ಅವರು ಬರೆದ ಕಡಲಿನ ಚಿತ್ರಗಳೆಲ್ಲ ಹಡಗಿನ ಜತೆ ಹೋಗಿದ್ದವು. ಪೆಟ್ಟಿಗೆಯಲ್ಲಿ ಉಳಿದದ್ದು ಗೆಳೆಯ ಬರೆದುಕೊಟ್ಟ ಈ ಒಂದು. ಹೊರಡುವ ದಿನ ಅದನ್ನು ಮುತ್ತಜ್ಜಿಯ ಹೊಸ್ತಿಲಿನ ಹೊರಗೆ ಇಟ್ಟು, ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿ ಹೋದರಂತೆ. ಅವರ ಊರು ಯಾವುದು, ಮುಟ್ಟಿದರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮನೆಯ ಗಂಡಸರಿಗೆ ಗೋಡೆಯಲ್ಲಿ ಮನುಷ್ಯರ ಚಿತ್ರ ಇಷ್ಟವಿರಲಿಲ್ಲ. ಹೆಂಗಸರು ಪರದೆಯ ಹಿಂದೆ ನೂರು ವರ್ಷ ಇಟ್ಟುಕೊಂಡರು. ದೇಶ ಬಿಟ್ಟು ಬರುವಾಗ ಬೀಬಿ ಚಾಪೆಯಲ್ಲಿ ಸುತ್ತಿ ತಂದದ್ದು ಇದೊಂದನ್ನೇ.

"ನನ್ನಜ್ಜಿ ಪ್ರತಿ ಈದಿಗೆ ಇದನ್ನು ಈರುಳ್ಳಿಯಿಂದ ಒರೆಸುತ್ತಿದ್ದರು. ನಮ್ಮಮ್ಮ ಎಣ್ಣೆ ಹಚ್ಚಿದರು. ನಾವೆಲ್ಲ ಪ್ರೀತಿಯಿಂದಲೇ ಒಂದಿಷ್ಟು ಹಾಳು ಮಾಡಿದವರು. ಆದರೆ ಹಾಳು ಮಾಡಿದೆ ಎಂದು ಹೇಳಿದವಳು ನೀನೊಬ್ಬಳು" ಎಂದು ಕೀಯನ್ನು ನನ್ನ ಮುಂದೆ ಇಟ್ಟರು.

ನಿಮಗೆ ಅವರು ಹೇಳಿ ಬರೆಸಿದ್ದು ಇಷ್ಟು: "ತಂಗೀ, ನೀವು ನನ್ನ ಮನೆಗೆ ಬಂದವರಲ್ಲ, ನನ್ನ ಅತಿಥಿಯನ್ನು ಕಂಡವರಲ್ಲ. ಅಷ್ಟು ದೂರದಿಂದ ಅವನ ಮುಖ ಉಳಿಸಿದಿರಿ. ದೇವರು ನಿಮ್ಮ ಕೈಗಳಿಗೆ ಆಯುಷ್ಯ ಕೊಡಲಿ."

ನನ್ನದನ್ನು ನಾನು ಹೇಗೆ ಬರೆಯಲಿ? ನಿಮ್ಮಿಂದ ನನ್ನ ಮನೆ ಉಳಿಯಿತು. ಅದಕ್ಕಿಂತ ಹೆಚ್ಚಾಗಿ ಕೈ ವಾಪಸು ಬಂತು. ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಾಯಿಸಿದವಳಿಗೆ ನೀವು ಇಷ್ಟು ಮಾಡಿದಿರಿ.

ಎಂದೆಂದಿಗೂ ಋಣಿ,
ಉಮಾವತಿ


ಶಂಕರಪುರ
೩೦ ಅಕ್ಟೋಬರ್ ೧೯೮೯

ಪ್ರೀತಿಯ ಉಮಾ,

ಹಲ್ವ ಬಂತು. ಇಸುಬು ಮನೆಗೇ ತಂದುಕೊಟ್ಟರು. ಡಬ್ಬಿ ಒಡೆದೆ, ತಿನ್ನಲು ಕೈ ಬರಲಿಲ್ಲ. ನಿನಗೆ ಒಂದು ಮಾತು ಹೇಳದೆ ಆ ಉಪಕಾರದ ಮಾತನ್ನು ನಾನು ತೆಗೆದುಕೊಳ್ಳಬಾರದು. ಬೀಬಿಗೆ ನಿಜ ಹೇಳು ಎಂದು ನಿನಗೆ ದೊಡ್ಡದಾಗಿ ಬರೆದವಳು ನಾನು. ನಾಲ್ಕು ತಿಂಗಳಿಂದ ನಾನೇ ಹೇಳಿಲ್ಲ.

ಆ ಸೋಮವಾರ ನಾನು ಬಸ್‌ಸ್ಟ್ಯಾಂಡಿಗೆ ಹೋಗಿರಲಿಲ್ಲ, ಉಮಾ.

ಅದಕ್ಕೆ ಮೂರು ದಿನ ಮೊದಲು ನಿನ್ನ ತಂದೆ ದೇಜಪ್ಪಣ್ಣ ನಮ್ಮ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂರದೆ ನಿಂತೇ ಮಾತಾಡಿದರು. "ಟೀಚರ್, ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು, ಮಸ್ಕತ್ತಿನಲ್ಲಿ ಕೆಲಸ. ಹುಡುಗಿ ಮೈಸೂರಿಗೆ ಹೋಗಬೇಕು ಅಂತ ಅಳ್ತಾಳೆ. ನಂಗೆ ಗೊತ್ತಾಗುದಿಲ್ಲ. ನೀವು ಕಲಿಲಿ ಅಂದ್ರೆ ನಾನು ಈ ಸಂಬಂಧ ಬಿಡ್ತೇನೆ. ನೀವೇ ಹೇಳಿ" ಎಂದರು.

ಅವರು ಕೇಳಲು ಬಂದಿದ್ದರು, ಹೇಳಲು ಅಲ್ಲ. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಹೆದರಿಕೆಯಾಯಿತು. ಮದುವೆಯಾಗದೆ ಉಳಿದವಳು ಇನ್ನೊಬ್ಬರ ಮಗಳ ಮದುವೆ ತಪ್ಪಿಸಿದಳು ಎಂದು ನಾಳೆ ಊರು ಹೇಳಿದರೆ? ನೀನು ಕಲಿತು ಬಂದು ಕೆಲಸ ಸಿಗದೆ ಕೂತರೆ? "ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದರು, ನಾನು ಮತ್ತೇನಾದರೂ ಹೇಳುತ್ತೇನೆಂದು. ನಾನು ಒಳಗೆ ಹೋದೆ.

ಭೋಜರಾಜರು ಒಳ್ಳೆಯವರು, ನಿನ್ನ ಕಾಗದಗಳಲ್ಲಿ ಗೊತ್ತಾಗುತ್ತದೆ. ನಿನಗೊಬ್ಬಳು ಮಗಳಿದ್ದಾಳೆ. ಅದರಿಂದ ನನ್ನ ತಪ್ಪು ಸಣ್ಣದಾಗುವುದಿಲ್ಲ. ನೀನು ಒಂಬತ್ತು ವರ್ಷ ನಾಚಿಕೆಪಟ್ಟೆ. ಪಡಬೇಕಾದವಳು ನಾನು.

ಉತ್ತರ ಬರೆಯಲೇಬೇಕೆಂದಿಲ್ಲ.

ಕ್ಲೆಮೆಂಟಿನಾ


ಅಲ್ ಖೌದ್
೧೭ ಫೆಬ್ರವರಿ ೧೯೯೦

ಪ್ರೀತಿಯ ಟೀಚರಿಗೆ,

ಮೂರು ತಿಂಗಳಾಯಿತು. ಕಾಯುತ್ತೀರೆಂದು ಗೊತ್ತಿತ್ತು. ಗೊತ್ತಿದ್ದೇ ಬರೆಯಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕ್ರಿಸ್ಮಸಿಗೆ ಕಾರ್ಡು ತಂದಿಟ್ಟು ಹಾಕದೆ ಉಳಿಸಿದೆ. ಅಪ್ಪ ಈಗ ಇಲ್ಲ. ಅವರು ನನ್ನ ಪರವಾಗಿ ಅಷ್ಟು ದೂರ ನಡೆದು ಬಂದು ಕೇಳಿದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಮಾತೇ ಕೇಳದೆ ಮದುವೆ ಮಾಡಿಸಿದರೆಂದು ಅವರ ಮೇಲೆ ಮುನಿಸಿಕೊಂಡೇ ಅವರನ್ನು ಕಳಿಸಿಕೊಟ್ಟೆ. ಅದಕ್ಕೆ ತುಂಬ ಅತ್ತೆ. ಆಮೇಲೆ ಅದೇ ಒಂದು ಸಮಾಧಾನವೂ ಆಯಿತು. ನೀವು ಹೇಳದಿದ್ದರೆ ನನ್ನಪ್ಪ ನನಗೆ ಸಿಗುತ್ತಿರಲಿಲ್ಲ.

ಇಲ್ಲಿ ನಡೆದದ್ದು ಹೇಳುತ್ತೇನೆ. ನವೆಂಬರಿನಿಂದ, ಇಲ್ಲಿ ವಾರದ ರಜೆಯಾದ ಗುರುವಾರ, ಬೀಬಿಯ ಮೊಮ್ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಿದ್ದೇನೆ, ಅವರೇ ಕೇಳಿದ್ದು. ಈಗ ಸುತ್ತಲಿನ ನಮ್ಮವರ ಮಕ್ಕಳೂ ಸೇರಿ ಹನ್ನೆರಡು ಮಂದಿ. ಅತಿಥಿಯನ್ನು ಪರದೆಯ ಹಿಂದಿನಿಂದ ಹೊರಕೋಣೆಗೆ ತಂದಿದ್ದಾರೆ, ಅವರ ಕೆಳಗೇ ನಮ್ಮ ಕ್ಲಾಸು. ಮಕ್ಕಳಿಗೆ ಅವರ ಟೊಪ್ಪಿ ಬರೆಯುವುದು ಇಷ್ಟ.

ಅದರಲ್ಲಿ ರೋಸ್ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಾಳೆ. ಮಾತು ಕಮ್ಮಿ. ಪೆನ್ಸಿಲ್ ಕೊಟ್ಟರೆ ಸುತ್ತಲಿನವರು ಅವಳಿಗೆ ಕಾಣುವುದಿಲ್ಲ. ಅವಳ ತಂದೆ ಎಡ್ಮಂಡ್ ಬಾಬ್, ಕಲ್ಯಾಣಪುರದ ಕಡೆಯವರು, ಬ್ಯಾಂಕಿನಲ್ಲಿದ್ದಾರೆ. ಈ ಮಂಗಳವಾರ ಸಂಜೆ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ಟೀಚರ್, ಮ್ಯಾತ್ಸಲ್ಲಿ ಇವಳಿಗೆ ಮಾರ್ಕು ಬರುದಿಲ್ಲ. ಗುರುವಾರ ಟ್ಯೂಶನ್ನಿಗೆ ಹಾಕುವಾ ಅಂತ ಉಂಟು. ಡ್ರಾಯಿಂಗ್ ಬಿಡಿಸಿದ್ರೆ ಅಳ್ತಾಳೆ. ನೀವು ಎಂತ ಹೇಳ್ತೀರಿ? ಬಿಡ್ಸುದಾ?"

ಟೀಚರ್, ನಿಮಗೆ ಅಂದು ಏನಾಗಿತ್ತು ಎಂದು ಆ ಕ್ಷಣ ನನಗೆ ಗೊತ್ತಾಯಿತು. ನನ್ನ ಬಾಯಿಗೂ ಅದೇ ಮಾತು ಬಂತು, ನಿಮಗೆ ಸರಿ ಕಂಡ ಹಾಗೆ ಮಾಡಿ ಎಂದು. ಎಷ್ಟು ಸುಲಭದ ಮಾತು ಅದು. ನಾನು ಯಾರು, ಸರ್ಟಿಫಿಕೇಟಿಲ್ಲದವಳು. ಹುಡುಗಿ ಫೇಲಾದರೆ ನನ್ನ ಹೆಸರು ಹೇಳುತ್ತಾರೆ. ಬಾಗಿಲಿನ ಚಿಲಕ ಹಿಡಿದುಕೊಂಡು ನಿಂತೆ.

"ಬಿಡಿಸಬೇಡಿ" ಎಂದೆ.

"ಅಲ್ಲ, ಮಾರ್ಕು..."

"ಮಾರ್ಕಿಗೆ ಬೇರೆ ದಿನ ನೋಡುವಾ. ನಮ್ಮವರು ಲೆಕ್ಕದಲ್ಲಿ ಹುಷಾರು, ಭಾನುವಾರ ಸಂಜೆ ಹೇಳಿಕೊಡ್ತಾರೆ. ಇವಳಿಗೆ ಇರುವ ಕೈ ಎಲ್ಲ ಮಕ್ಕಳಿಗೆ ಇರುದಿಲ್ಲ. ನೀವು ಬಿಡಿಸಿದ್ರೆ ನಾನು ನಿಮ್ಮ ಮನೆಗೆ ಬಂದು ಜಗಳ ಮಾಡ್ತೇನೆ."

ಅವರ ಮುಖ ಕೆಂಪಾಯಿತು. "ನನ್ನ ಮಗಳ ವಿಷಯ ನೀವು ಹೇಳುದಾ?" ಎಂದರು. "ನೀವು ಕೇಳಿದ್ರಲ್ಲ, ಅದಕ್ಕೆ ಹೇಳಿದ್ದು" ಎಂದೆ. ಅವರು ತಿರುಗಿ ಗೇಟು ದಾಟಿ ಹೋದರು. ಒಳಗಿದ್ದ ಇವರು, "ನಾನು ಯಾವಾಗ ಲೆಕ್ಕದಲ್ಲಿ ಹುಷಾರಾದದ್ದು?" ಎಂದು ಕೇಳಿದರು.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಮೊನ್ನೆ ಗುರುವಾರ ಎಲ್ಲ ಮಕ್ಕಳೂ ಬಂದರು, ರೋಸ್ ಬರಲಿಲ್ಲ. ಕ್ಲಾಸು ಅರ್ಧವಾಗುವಾಗ ಮೆಟ್ಟಿಲಲ್ಲಿ ಶಬ್ದವಾಯಿತು. ತಂದೆ ಕೆಳಗೆ ಕಾರಿನಲ್ಲೇ ಕೂತಿದ್ದರು. ಅವಳು ಒಬ್ಬಳೇ ಬಂದು ಚಾಪೆಯಲ್ಲಿ ಕೂತಳು.

ನಿಮಗೆ ಅಂದು ಧೈರ್ಯ ಬರಲಿಲ್ಲ. ನನಗೆ ಈಗ ಬಂದದ್ದು ನೀವು ಹೇಳಿದ್ದರಿಂದ. ಹೇಳದೆ ಇದ್ದಿದ್ದರೆ ನಾನೂ ಒಳಗೆ ಹೋಗುತ್ತಿದ್ದೆ. ನನ್ನ ಕಡೆಯಿಂದ ಇನ್ನು ಬೇಸರವಿಲ್ಲ. ಹಲ್ವ ಕೆಡದೆ ಉಳಿದಿದ್ದರೆ ತಿನ್ನಿ. ಇಲ್ಲದಿದ್ದರೆ ಜೂನ್ ರಜೆಯಲ್ಲಿ ಹೊಸದು ತರುತ್ತೇನೆ, ನಾವು ಮೂವರೂ ಬರುತ್ತೇವೆ.

ನಿಮ್ಮ ವಿದ್ಯಾರ್ಥಿನಿ,
ಉಮಾವತಿ


ಶಂಕರಪುರ
೧ ಮಾರ್ಚ್ ೧೯೯೦

ನನ್ನ ಉಮಾ,

ಕಾಗದವನ್ನು ಬೆಳಗ್ಗೆ ಓದಿದೆ, ಮಧ್ಯಾಹ್ನ ಪುನಃ ಓದಿದೆ. ನಿನಗೆ ಹೇಗೆ ಉಪಕಾರ ಹೇಳುವುದೆಂದು ನನಗೆ ಯಾರೂ ಕಲಿಸಿಲ್ಲ. ಕೆಲಸದ ಮಾತೇ ನನಗೆ ಬರುವುದು, ಅದನ್ನೇ ಹೇಳುತ್ತೇನೆ.

ಎಡ್ಮಂಡ್ ಬಾಬ್ ಹುಡುಗಿಯನ್ನು ಕಳಿಸಿದರು, ಆದರೆ ಕಾರಿನಿಂದ ಇಳಿಯಲಿಲ್ಲ. ಅಂದರೆ ಅವರಿಗೆ ಇನ್ನೂ ಹೆದರಿಕೆ ಇದೆ. ನಿನ್ನ ಮೇಲೆ ಸಿಟ್ಟಿರಲಿಕ್ಕಿಲ್ಲ, ಮಗಳ ಮುಂದಿನ ಬದುಕಿನ ಹೆದರಿಕೆ. ತಂದೆಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಿಂತುಕೊಂಡಿರುತ್ತಾರೆ. ಈ ವಾರವೇ ಭೋಜರಾಜರನ್ನು ಕರೆದುಕೊಂಡು ಅವರ ಮನೆಗೆ ಹೋಗು. ಹುಡುಗಿ ಬರೆದ ಚಿತ್ರಗಳನ್ನೂ ಹಿಡಿದುಕೊಂಡು ಹೋಗು. ಅವರು ಚಹಾ ಕೊಟ್ಟರೆ ಕುಡಿದು, ಅವರು ಮಾತಾಡುವವರೆಗೆ ಕೂತಿರು.

ನಾನೂ ಅಂದು ದೇಜಪ್ಪಣ್ಣನವರ ಹಿಂದೆಯೇ ಕಾಪುವಿಗೆ ಹೊರಡಬೇಕಿತ್ತು. ನಾಲ್ಕು ಮೈಲಿ ದಾರಿ ಅಷ್ಟೆ.

ನಿನ್ನ,
ಕ್ಲೆಮೆಂಟಿನಾ ಟೀಚರ್